ಮಿಸ್ ವಿಲ್ಮಾ ಅವರ ಸೌಟು

ಕಳೆದ ವಾರವೆಲ್ಲ ಮಿಸ್ ವಿಲ್ಮಾ ಕೂತಲ್ಲಿ ಕೂರಲಿಲ್ಲ. ಬೆಳಿಗ್ಗೆ ಏಳೂವರೆಗೆ ಬರುತ್ತಾರೆ, ಶೂ ಬಿಚ್ಚುತ್ತಾರೆ, ನಮ್ಮ ಮಸಾಲೆ ಡಬ್ಬಿಯಿಂದ ಒಂದು ಲವಂಗ ತೆಗೆದು ಮೂಸುತ್ತಾರೆ. ತಲೆ ಅಲ್ಲಾಡಿಸಿ ಡಬ್ಬಿ ಮುಚ್ಚಿದ ಮೇಲೆಯೇ ನನ್ನ ಪುಟ್ಟಿಯನ್ನು ಎತ್ತಿಕೊಳ್ಳುವುದು. ಜನವರಿಯಲ್ಲಿ ಕೋವಿಡ್ ಬಂದಾಗ ಹೋದ ವಾಸನೆ ಇನ್ನೂ ಮರಳಿಲ್ಲ.

ಅವರಿಗೆ ಅರವತ್ತಾರು. ಊರು ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ದ್ವೀಪ. ಜ್ವಾಲಾಮುಖಿಯ ಬೂದಿಯಡಿ ಮನೆ ಹೋದಮೇಲೆ ಅಮೆರಿಕದ ಫೇರ್‌ಫ್ಯಾಕ್ಸಿಗೆ ಬಂದವರು, ಅಂದಿನಿಂದ ಬೇರೆಯವರ ಮಕ್ಕಳನ್ನು ಸಾಕುತ್ತಿದ್ದಾರೆ. ಮೈಬಣ್ಣ ಆಫ್ರಿಕಾದ್ದು, ಮನೆತನದ ಹೆಸರು ಐರಿಶ್: ಸ್ವೀನಿ. "ಆ ಸ್ವೀನಿ ನಮ್ಮಜ್ಜನೋ, ನಮ್ಮಜ್ಜನ ಯಜಮಾನನೋ, ಯಾರು ಬರೆದಿಟ್ಟಿದ್ದಾರೆ?" ಎಂದು ಒಮ್ಮೆ ಹಾಲಿನ ಬಾಟಲಿ ತೊಳೆಯುತ್ತ ಕೇಳಿದ್ದರು.

ಮಾರ್ಚ್ ಹದಿನೇಳು ಇಲ್ಲಿನವರಿಗೆ ಹಸಿರು ಅಂಗಿ ತೊಡುವ ಐರಿಶ್ ಹಬ್ಬ. ಅವರ ದ್ವೀಪದಲ್ಲಿ 1768ರಲ್ಲಿ ಅದೇ ದಿನಕ್ಕೆ ಗುಲಾಮರು ಐರಿಶ್ ಯಜಮಾನರ ವಿರುದ್ಧ ದಂಗೆಯ ಸಂಚು ಹೂಡಿ, ಸಿಕ್ಕಿಬಿದ್ದು, ನೇಣಿಗೇರಿದ್ದರು. ಹಾಗಾಗಿ ಇವರಿಗೆ ಹಬ್ಬವೂ ತಿಥಿಯೂ ಒಟ್ಟಿಗೇ. ಅದಕ್ಕೆ ಗೋಟ್ ವಾಟರ್ ಆಗಲೇಬೇಕು, ಅಂದರೆ ಲವಂಗ ಹಾಕಿದ ತೆಳುವಾದ ಮೇಕೆ ಮಾಂಸದ ಸಾರು. ಇಲ್ಲಿನ ಅವರ ಸಂಘದಲ್ಲಿ ಹನ್ನೊಂದು ವರ್ಷ ಸೌಟು ಹಿಡಿದವರು ಮಿಸ್ ವಿಲ್ಮಾ. ಕೋವಿಡ್ಡಿನಿಂದ ನಿಂತಿದ್ದ ಊಟ ಮೊನ್ನೆ ಶನಿವಾರ ಮತ್ತೆ ಶುರುವಾಗುವುದಿತ್ತು.

"ನಂಗೆ ಮೂಗಿಲ್ಲ ಅಂತ ಗೊತ್ತಾದ್ರೆ ನಮ್ಮ ಸಂಘದ ಆ ಡೇಲಿ ಸೌಟು ಕಿತ್ಕೋತಾನೆ. ಕಾಯ್ತಾನೇ ಇದಾನೆ," ಎಂದರು ಶುಕ್ರವಾರ. "ಭಾವನಾ, ನಿನ್ನ ಮೂಗು ಕೊಡ್ತೀಯಾ?"

"ನಾವು ಮಾಂಸ ಮುಟ್ಟಲ್ಲ, ಮಿಸ್ ವಿಲ್ಮಾ."

"ಮಾಂಸ ಅಲ್ಲಿ. ಮಸಾಲೆ ಇಲ್ಲಿ, ಪುಡಿ ಮಾಡ್ಕೊಡು ಸಾಕು."

ಅವರು ಪುಟ್ಟಿಯ ಡಯಪರ್ ಬದಲಿಸಲು ಹೋದಾಗ ನಾನು ಲವಂಗ, ಜಾಪತ್ರೆ ಬಾಣಲೆಗೆ ಹಾಕಿ ಹುರಿದು ಪುಡಿಮಾಡಿದೆ. ಯೋಚಿಸಲೇ ಇಲ್ಲ, ನಮ್ಮಲ್ಲಿ ಹುರಿಯದೆ ಯಾವ ಮಸಾಲೆ ಮಿಕ್ಸಿಗೆ ಬೀಳುತ್ತೆ? ಮನೆಯೆಲ್ಲ ತುಂಬಿದ ವಾಸನೆ ಅವರಿಗೆ ಗೊತ್ತಾಗಲಿಲ್ಲ.

"ಸರಿ ಇದೆಯಾ?"

"ಘಮ್ ಅಂತಿದೆ."

ಶನಿವಾರ ಪುಟ್ಟಿಯನ್ನು ಕಟ್ಟಿಕೊಂಡು ನಾನೂ ಹೋದೆ. ಸಂಘದ ಹಾಲ್ ಹಿಂದೆ ಸೌದೆ ಒಲೆ, ದೊಡ್ಡ ಹಂಡೆ. ಮೊದಲ ಕಪ್ಪು ಹಿರಿಯರಿಗೆ ಕೊಡುವುದು ಪದ್ಧತಿ. ತೊಂಬತ್ತೊಂದರ ಮಿಸ್ಟರ್ ಫ್ಯಾರೆಲ್ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು.

"ವಿಲ್ಮಾ, ಲವಂಗ ಹುರಿದವರು ಯಾರು? ಗೋಟ್ ವಾಟರಿಗೆ ಹುರಿಯೋದಿಲ್ವಲ್ಲ."

ಮಿಸ್ ವಿಲ್ಮಾ ನನ್ನತ್ತ ನೋಡಿದರು. ಹುರಿದದ್ದು ನಾನೇ ಎಂದು ಹೇಳಲು ಬಾಯಿ ತೆರೆದೆ, ಅವರು ಸೌಟೆತ್ತಿ ತಡೆದರು.

"ನನ್ನ ಮೂಗು ಸತ್ತಿದೆ. ಎರಡು ತಿಂಗಳಾಯ್ತು. ಈ ಹುಡುಗಿ ಮೂಗು ಸಾಲ ತಂದೆ, ಅವಳು ತನ್ನ ಅಮ್ಮನ ಮನೆ ಥರ ಮಾಡಿದ್ಲು."

ಡೇಲಿ ಎಂಬ ಗುಂಡಗಿನ ಮುದುಕ ಆಗಲೇ ತೋಳು ಮಡಿಸುತ್ತಿದ್ದ. "ಮೂಗಿಲ್ಲದ ಅಡುಗೆಯವಳು. ಸೌಟು ಕೊಡು."

"ಮೂಸು. ಏನು ಬೇಕು ಹೇಳು. ಸೌಟು ಕೇಳ್ಬೇಡ."

ಡೇಲಿ ಹಂಡೆಯ ಮೇಲೆ ಬಾಗಿದ. ಮೂಸಿದ, ಗೊಣಗಿದ, ಥೈಮ್ ಸೊಪ್ಪು ಹಾಕು ಎಂದ, ನೀರು ಎಂದ, ಇನ್ನೂ ನೀರು ಎಂದ. ಮಿಸ್ ವಿಲ್ಮಾ ಬೆವರುತ್ತ ತಿರುವಿದರು. ಮಿಸ್ಟರ್ ಫ್ಯಾರೆಲ್ ಎರಡನೇ ಕಪ್ಪು ಪೂರ್ತಿ ಕುಡಿದು, ಬ್ರೆಡ್ಡಿಗೆ ಕೈ ಚಾಚಿದರು.

ಇವತ್ತು ಸೋಮವಾರ. ಏಳೂವರೆಗೆ ಬಂದರು, ಲವಂಗ ಮೂಸಿದರು, ತಲೆ ಅಲ್ಲಾಡಿಸಿದರು.

"ಡೇಲಿ ಫೋನ್ ಮಾಡಿದ್ದ," ಎಂದರು. "ಮುಂದಿನ ವರ್ಷ ಮೂಸೋಕೆ ಬೇಗ ಬರ್ತಾನಂತೆ. ಬರೀ ಮೂಸೋಕೆ." ಮತ್ತೆ ಡಬ್ಬಿ ತೆಗೆದರು.