ನರಿಗೆ ನಮಸ್ಕಾರ, ಕೊಯ್ಯುವವನಿಗೆ ಕಲ್ಲು

ಸತ್ತವರ ಪಕ್ಕೆ ಕೊಯ್ಯುವುದು ಪೆತನೂಪನ ಮನೆತನದ ಕಸುಬು. ನೈಲ್ ನದಿಯ ಪಡುವಣ ದಡದಲ್ಲಿ, ಹೆಣ ಕೆಡದಂತೆ ಕಟ್ಟುವವರ ಕೇರಿಯಲ್ಲಿ ಅವನ ಮನೆ. ಉಪ್ಪು ತುಂಬುವವರು, ಎಣ್ಣೆ ಹಚ್ಚುವವರು, ನಾರುಬಟ್ಟೆ ಸುತ್ತುವವರು, ಎಲ್ಲರೂ ಅಲ್ಲಿ ಮರ್ಯಾದಸ್ಥರೇ. ಮರ್ಯಾದೆ ಇಲ್ಲದವನು ಕೊಯ್ಯುವವನೊಬ್ಬನೇ. ಎಡಪಕ್ಕೆಯ ಮೇಲೆ ಎಳೆದ ಮಸಿಗೆರೆಗುಂಟ ಕರಿಗಲ್ಲಿನ ಕತ್ತಿ ಆಡಿಸಿದ್ದೇ ತಡ, ಅವನು ಎದ್ದುಬಿದ್ದು ಓಡಬೇಕು. ಅಲ್ಲಿದ್ದವರೆಲ್ಲ ಬೈಯುತ್ತಾ ಕಲ್ಲು ಬೀರುತ್ತಾ ಅಟ್ಟಿಸಿಕೊಂಡು ಹೋಗಬೇಕು. ಮನುಷ್ಯನ ಮೈಗೆ ಗಾಯ ಮಾಡಿದವನಿಗೆ ಶಿಕ್ಷೆ ಆಗದಿದ್ದರೆ ಆ ಗಾಯದ ದೋಷ ಸತ್ತವರ ಜೊತೆಗೇ ಉಳಿಯುತ್ತದೆ, ಸತ್ತವರಿಗೆ ಆಚೆ ಲೋಕದ ದಾರಿ ತೋರಿಸುವ ಅನೂಪ ದೇವರು ಅಂಥವರ ಕೈ ಹಿಡಿಯುವುದಿಲ್ಲ ಎಂದು ನಮ್ಮವರ ನಂಬಿಕೆ.

ಅನೂಪನೆಂದರೆ ನರಿಮೊಗದ ದೇವರು. ಗ್ರೀಕರು ಅವನನ್ನೇ ಅನುಬಿಸ್ ಎನ್ನುತ್ತಾರೆ. ಹೆಸರಿಗೇನು ಬರವಿಲ್ಲ: ಬೆಟ್ಟದ ಮೇಲಿನವನು, ಸುತ್ತುವ ಮನೆಯೊಡೆಯ, ಪುಣ್ಯಭೂಮಿಯ ದೊರೆ. ಹುಟ್ಟಿನ ವಿಷಯಕ್ಕೆ ಬಂದರೆ ಊರಿಗೊಂದು ಕತೆ. ನೆಫ್ತಿಸ್ ದೇವಿ ಹೆತ್ತು, ಗಂಡನಿಗೆ ಹೆದರಿ ಬಿಸಾಡಿದಳಂತೆ. ಅವಳ ಅಕ್ಕ ಐಸಿಸ್ ದೇವಿ ನಾಯಿಗಳ ಹಿಂದೆ ಹೋಗಿ ಹುಡುಕಿ ಸಾಕಿದಳಂತೆ. ಅಲ್ಲ, ಹಸುವಿನ ರೂಪದ ದೇವಿಯೇ ಹೆತ್ತದ್ದು ಎಂದು ಜಗಳಕ್ಕೆ ಬರುವವರೂ ಇದ್ದಾರೆ. ಪೆತನೂಪ ಎಂಬ ಹೆಸರಿಗೂ ಅನೂಪನ ಕೊಡುಗೆ ಎಂದೇ ಅರ್ಥ. ಆದರೂ ಅವನಿಗೆ ಆ ದೇವರ ಮೇಲೆ ಒಂದು ತಕರಾರಿತ್ತು. ಎರಡು ಬಟ್ಟಲು ಬಾರ್ಲಿ ಹೆಂಡ ಒಳಗೆ ಹೋದರೆ ಸಾಕು, ಆ ತಕರಾರು ಹೊರಗೆ ಬರುತ್ತಿತ್ತು.

"ಮರಳಲ್ಲಿ ಹೂತ ಹೆಣ ಕೆದಕಿ ತಿನ್ನೋದು ಯಾರು? ನರಿ. ಅದಕ್ಕೆ ಹೆದ್ರಿ ಅದನ್ನೇ ಕಾವಲಿಗಿಟ್ಟು ದೇವ್ರು ಅಂದ್ರಿ. ಹೆಣ ಕೊಳೀಬಾರ್ದು ಅಂತ ಕೊಯ್ಯೋನು ನಾನು. ನರಿಗೆ ನಮಸ್ಕಾರ, ನನಗೆ ಕಲ್ಲು!"

"ಅವನೂ ಕಪ್ಪು, ನೀನೂ ಕಪ್ಪು. ಒಂದು ಬಾಲ ಬಂದ್ರೆ ನಿನಗೂ ಕೈ ಮುಗೀತೀವಿ, ಹೋಗೋ," ಎಂದು ಹರ್ಸಿಯೇಸಿ ನಗುತ್ತಿದ್ದ. ಸುತ್ತುವವರ ಯಜಮಾನ ಅವನು. ಕೆಲಸಕ್ಕೆ ನಿಂತಾಗ ಮಣ್ಣಿನ ನರಿಮೊಗ ತೊಟ್ಟು ಅವನೇ ಅನೂಪನಾಗುತ್ತಿದ್ದ.

ಕೇರಿಯವರು ಕೆಟ್ಟವರಲ್ಲ. ಕೈ ಜೋರಾಗಿ ಬೀಸಿದರೂ ಕಲ್ಲು ಪೆತನೂಪನ ಹಿಮ್ಮಡಿಯ ಹಿಂದೆ ಬೀಳುವಂತೆ ನೋಡಿಕೊಳ್ಳುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಂಜೆ ಅವನ ಹೆಂಡತಿ ತಯೇಸಿ ಬೇಯಿಸಿದ ಅಲಸಂದೆಯನ್ನು ಅದೇ ಕೈಗಳು ಅವನ ಜೊತೆ ಕೂತು ತಿನ್ನುತ್ತಿದ್ದವು. ಅವಳ ಕೈಯಡುಗೆ ತಿನ್ನದವರು ಆ ಕೇರಿಯಲ್ಲಿ ಯಾರೂ ಇರಲಿಲ್ಲ.

ಆ ವರ್ಷ ಪ್ರವಾಹ ಇಳಿದ ಮೇಲೆ ಬಂದ ಜ್ವರ ತಯೇಸಿಯನ್ನು ಹೊತ್ತುಕೊಂಡು ಹೋಯಿತು.

"ಪಕ್ಕದ ಊರಿನ ಕೊಯ್ಯುವವನಿಗೆ ಹೇಳಿ ಕಳಿಸ್ತೀನಿ," ಎಂದ ಹರ್ಸಿಯೇಸಿ. "ನಿನ್ನ ಕೈಲಿ ಇದು ಬೇಡ ಕಣೋ."

"ಅವನ ಕೈ ಒರಟು ಅಣ್ಣ. ಹೊಟ್ಟೆಯುದ್ದ ಹರೀತಾನೆ. ಅವಳನ್ನ ನಾನು ಇನ್ನೊಬ್ಬನ ಕತ್ತಿಗೆ ಕೊಡಲ್ಲ."

"ಆಮೇಲೆ?"

"ಆಮೇಲೆ ನೀವು ಹೊಡೀತೀರಿ, ನಾನು ಓಡ್ತೀನಿ. ಎಲ್ಲರಿಗೂ ಆಗೋ ಹಾಗೇ."

ಕೊಯ್ಯುವಾಗ ಸತ್ತವರ ಕಡೆಯವರೊಬ್ಬರು ಆ ಕೋಣೆಯ ಪರದೆಯ ಬಳಿ ನಿಂತಿರಬೇಕೆಂಬುದು ಪದ್ಧತಿ. ತಯೇಸಿಗೆ ಇದ್ದವಳು ಮಗಳು ಸೆನ್ಮಿನ್ ಒಬ್ಬಳೇ. ಮದುವೆಯಾಗಿ ನದಿಯಾಚೆ ಇದ್ದವಳು ದೋಣಿ ಹಿಡಿದು ಬಂದಳು. ಅಪ್ಪನ ಕಸುಬು ಗೊತ್ತಿದ್ದರೂ ಅವನು ಕೊಯ್ಯುವುದನ್ನು ಅವಳು ಎಂದೂ ಕಣ್ಣಾರೆ ಕಂಡಿರಲಿಲ್ಲ.

ಪೆತನೂಪ ಕೊಯ್ದ. ಅಷ್ಟು ಚಿಕ್ಕ ಗಾಯವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಕತ್ತಿ ಕೆಳಗಿಟ್ಟು ಎದ್ದು ಪರದೆ ದಾಟಿ ಅಂಗಳಕ್ಕೆ ಓಡಿದ. ಬೆನ್ನ ಹಿಂದೆ ಬೈಗುಳವಿಲ್ಲ, ಹೆಜ್ಜೆಯ ಸದ್ದಿಲ್ಲ. ತಿರುಗಿ ನೋಡಿದರೆ ಎಲ್ಲರೂ ಪರದೆಯ ಈಚೆಗೇ ತಲೆ ತಗ್ಗಿಸಿ ನಿಂತಿದ್ದಾರೆ. ನರಿಮೊಗದ ಹಿಂದೆ ಹರ್ಸಿಯೇಸಿ ಬಿಕ್ಕುತ್ತಿದ್ದ.

"ಹೊಡೀರೋ!" ಎಂದು ಕೂಗಿದ ಪೆತನೂಪ. "ಅವಳ ಅನ್ನ ತಿಂದಿಲ್ವಾ? ಹೊಡೀರಿ!"

ಉಪ್ಪಿನವನೊಬ್ಬ ಕಣ್ಣೊರೆಸಿಕೊಂಡು ಒಂದು ಹರಳು ಎಸೆದ. ಅದು ಅರ್ಧ ದಾರಿಗೇ ಬಿತ್ತು.

"ಥೂ, ಅದೂ ಒಂದು ಕಲ್ಲಾ? ಅನೂಪನ ಕಣ್ಣಿಗೆ ಮಣ್ಣೆರಚ್ತೀರಾ? ಬೇರೆಯವರಿಗೆ ಈ ಸುಳ್ಳು ಕಲ್ಲು ನಡೀತು, ನಾನೂ ಬಾಯಿ ಮುಚ್ಕೊಂಡಿದ್ದೆ. ಇವಳಿಗೆ ಬೇಡ ಕಣ್ರೋ! ಇವಳು ಎಲ್ಲೋ ಕತ್ತಲಲ್ಲಿ ಒಬ್ಬಳೇ ನಿಲ್ಲಬೇಕಾ?"

ಯಾರ ಕೈಯೂ ಏಳಲಿಲ್ಲ. ಕರುಣೆ ಕೆಲವೊಮ್ಮೆ ಎಂಥ ದ್ರೋಹ ಮಾಡುತ್ತದೆ ನೋಡಿ. ಅವನನ್ನು ಪ್ರೀತಿಸುವವರೆಲ್ಲ ಸೇರಿ ಅವನ ಹೆಂಡತಿಯ ದಾರಿಗೆ ಅಡ್ಡ ನಿಂತಿದ್ದರು.

ಆಗ ಪರದೆ ಸರಿಯಿತು. ಸೆನ್ಮಿನ್ ಹೊರಗೆ ಬಂದಳು. ಅವಳ ಮುಖ ಹೆಣದಷ್ಟೇ ಬಿಳಿಚಿತ್ತು. ಬಗ್ಗಿ, ಉಪ್ಪಿನ ಜಾಡಿಗೆ ಆನಿಸಿಟ್ಟಿದ್ದ ಕಲ್ಲನ್ನು ಎತ್ತಿಕೊಂಡು, ಬೀಸಿ ಹೊಡೆದಳು. ಅದು ಪೆತನೂಪನ ಕಿವಿಯ ಮೇಲ್ಗಡೆ ಬಡಿಯಿತು. ಅವನು ಮಂಡಿಯೂರಿದ, ಮತ್ತೆ ಎದ್ದ, ಕುತ್ತಿಗೆಯ ಮೇಲೆ ನೆತ್ತರು ಇಳಿಸಿಕೊಂಡು ಓಡಿದ. ಹರ್ಸಿಯೇಸಿ ಒಳಗೆ ಹೋಗಿ ಮಂತ್ರ ಹೇಳಲು ಶುರು ಮಾಡಿದ್ದು ಬೀದಿಯ ತುದಿಯವರೆಗೂ ಕೇಳಿಸಿತು.

ಹೊಲದ ಬದುವಿನ ಮೇಲೆ ಕೂತಿದ್ದವನ ಬಳಿಗೆ ಸೆನ್ಮಿನ್ ಮಧ್ಯಾಹ್ನ ಬಂದಳು. ಹತ್ತಿರ ಕೂರದೆ ಸ್ವಲ್ಪ ದೂರದಲ್ಲೇ ನಿಂತಳು.

"ಬಾ ಮಗಳೇ," ಎಂದ ಅವನು. "ನೀನೊಬ್ಬಳು ಧೈರ್ಯ ಮಾಡ್ದೆ. ನಿಮ್ಮವ್ವನಿಗೋಸ್ಕರ ಕೈ ಎತ್ತಿದೆ. ಇಲ್ಲದಿದ್ರೆ ಏನು ಗತಿ ಆಗ್ತಿತ್ತೋ."

"ಧೈರ್ಯ ಅಲ್ಲಪ್ಪ," ಎಂದಳು ಅವಳು. "ಶಾಸ್ತ್ರ ಗೀಸ್ತ್ರ ಏನೂ ನೆನಪಾಗ್ಲಿಲ್ಲ ನಂಗೆ. ನೀನು ಅವ್ವನ ಮೈಗೆ ಕತ್ತಿ ಹಾಕಿದ್ದು ನೋಡ್ದೆ. ಆಮೇಲೆ ನೀನು ಅಪ್ಪ ಅನ್ನಿಸ್ಲಿಲ್ಲ. ಸಾಯ್ಲಿ ಅಂತ್ಲೇ ಹೊಡ್ದೆ."

ಪೆತನೂಪನ ಕಿವಿಯ ಬಳಿ ಹೆಪ್ಪುಗಟ್ಟಿದ ನೆತ್ತರಿಗೆ ನೊಣ ಮುತ್ತುತ್ತಿದ್ದವು, ಅವನು ಓಡಿಸಲಿಲ್ಲ.

"ಹಾಗಾದ್ರೆ ಅದು ನಿಜವಾದ ಕಲ್ಲು," ಎಂದ ಕೊನೆಗೆ. "ನಿಮ್ಮವ್ವನಿಗೆ ದಾರಿ ಸಿಕ್ತು ಬಿಡು."

ಇಷ್ಟು ಹೇಳಿದ. ಆದರೆ ಮಗಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.