ಕಲಿತ ವಿದ್ಯೆಗೂ ದಾಳ

ಗಡಿಯಾರ ರಿಪೇರಿಯವನು ಪ್ರತಿ ಭಾನುವಾರ ಮಗಳ ಜೊತೆ ಕೂತು ದಾಳ ಹಾಕಿ ಕಥೆ ಬೆಳೆಸುವ ಆಟ ಆಡುತ್ತಿದ್ದ. ಪಾತ್ರ ಅವಳದು, ನಿಯಮ ಅವನದು. ವರವಾಗಿ ಬಂದ ಶಕ್ತಿ ಯಾವಾಗ ಬೇಕಾದರೂ ಕೈಕೊಡಬಹುದು, ಅದಕ್ಕೆ ದಾಳ ಹಾಕಲೇಬೇಕು. ಕಲಿತ ವಿದ್ಯೆಗೆ ದಾಳವೇ ಬೇಡ. ಮೂವತ್ತು ವರ್ಷ ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸಿದವನ ಜಂಬ ಅದು.

ಇವತ್ತು ಮಗಳ ಪಾತ್ರವಾದ ಬೀಗ ರಿಪೇರಿಯವಳು ಕೋಟೆಯ ಬಾಗಿಲಿಗೆ ಬಂದಳು.

“ಬೀಗ ತೆಗೆದೆ. ಕಲಿತಿದ್ದು ತಾನೇ, ದಾಳ ಬೇಡ,” ಎಂದಳು ಮಗಳು.

“ಬೇಕು. ಇನ್ಮೇಲೆ ಅದಕ್ಕೂ ದಾಳ.”

“ಅದ್ಯಾಕಪ್ಪಾ? ಕಲಿತಿದ್ದನ್ನ ಯಾರೂ ಕಿತ್ಕೊಳ್ಳಲ್ಲ ಅಂತ ನೀನೇ ಬರೆದಿದ್ದೀಯಲ್ಲ!”

ಅವನು ಎರಡು ತಿಂಗಳಿಂದ ಮೇಜಿನ ಕೆಳಗೇ ಬಚ್ಚಿಡುತ್ತಿದ್ದ ಬಲಗೈಯನ್ನು ಮೇಲೆ ತಂದು ದಾಳ ಎತ್ತಿಕೊಂಡ. ಎಸೆಯುವ ಮೊದಲೇ ಅದು ನಡುಗುವ ಬೆರಳುಗಳಿಂದ ತಾನಾಗಿ ಉದುರಿತು.

ಎಷ್ಟು ಬಿತ್ತೆಂದು ಮಗಳು ನೋಡಲಿಲ್ಲ.