ಬೇತ್ಲೆಹೇಮಿನ ಒಲೆ

ಬೆಸಾದನ ಬಲಗೈಯಲ್ಲಿ ಎರಡೇ ಬೆರಳಿದ್ದವು. ಉಳಿದ ಮೂರನ್ನು ನೈಲ್ ನದಿಯ ಆಚೆ ದಂಡೆಯ ಸುಣ್ಣಕಲ್ಲು ಗಣಿಯ ಗರಗಸ ತಿಂದಿತ್ತು. ಆ ಎರಡು ಬೆರಳಿಟ್ಟುಕೊಂಡು ಅವನು ನಾದುತ್ತಿದ್ದಂಥ ಹಿಟ್ಟನ್ನು ಹತ್ತು ಬೆರಳಿರುವ ಯಾರೂ ನಾದಿದ್ದನ್ನು ನಾನು ಕಂಡಿಲ್ಲ. ಇದನ್ನು ಅವನು ಬದುಕಿದ್ದಾಗ ಅವನ ಮುಖಕ್ಕೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಲೇಬೇಕಾಗಿದ್ದ ಇನ್ನೊಂದು ಮಾತೂ ಇತ್ತು, ಅದನ್ನೂ ಹೇಳಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಇದು, ಬೇಕಾದಾಗ ಮಾತ್ರ ತೆರೆಯುವುದಿಲ್ಲ.

ಬೆರಳು ಹೋದ ಮೇಲೆ ನಮ್ಮ ಗುಡಿಯವರು, ಅಂದರೆ ಊರಿನ ಕಾಪ್ಟಿಕ್ ಚರ್ಚಿನವರು, ಅವನನ್ನು ಪೂಜೆಯಲ್ಲಿ ಕೊಡುವ ಕುರ್ಬಾನ್ ರೊಟ್ಟಿ ಸುಡುವ ಕೆಲಸಕ್ಕೆ ಇಟ್ಟುಕೊಂಡರು. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ಗಂಟೆಗೋಪುರದ ಕೆಳಗಿನ ಕೋಣೆಯಲ್ಲೇ ಅವನ ವಾಸ. ಅದರ ಪಕ್ಕದ್ದೇ ಒಲೆಮನೆ. ಅದನ್ನು ನಾವು ಬೇತ್ಲೆಹೇಮ್ ಅಂತ ಕರೆಯುತ್ತೇವೆ. ಅಲ್ಲಿ ಪೂಜೆಯ ರೊಟ್ಟಿ ಬಿಟ್ಟು ಬೇರೇನೂ ಬೇಯಬಾರದು. ಆ ಹಿಟ್ಟಿಗೆ ಹುಳಿ ಉಂಟು, ಉಪ್ಪಿಲ್ಲ. ನಾದುವವನು ಉಪವಾಸವಿರಬೇಕು, ಕೀರ್ತನೆ ಹೇಳುತ್ತಲೇ ನಾದಬೇಕು. ಹಿಟ್ಟಿನ ಒಂದು ಚೂರನ್ನೂ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ. ಈ ಕೊನೆಯ ನಿಯಮವನ್ನು ನೆನಪಿಡಿ.

ಒಂದು ವರ್ಷ ಅದೇ ಗಣಿಯಲ್ಲಿ ವಿದ್ಯುತ್ತಿನ ತಂತಿ ನೀರಿಗೆ ಬಿದ್ದು ಮೂವರು ಸತ್ತರು. ಇಬ್ಬರು ನಮ್ಮವರು, ಒಬ್ಬ ಮುಸಲ್ಮಾನ. ಗಣಿಗೆ ಬೀಗ ಬಿತ್ತು. ಗಣಿಯ ಕೂಲಿ ನಂಬಿದ್ದ ಇಪ್ಪತ್ತಮೂರು ಮನೆಗಳಲ್ಲಿ ಎರಡನೇ ವಾರಕ್ಕೇ ಒಲೆ ಆರಿತು. ಬೆಸಾದ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗಿರಣಿಯವನ ಕಾಲು ಹಿಡಿದು ಹಿಟ್ಟು ತಂದ, ವಾರದ ನಡುವಿನ ದಿನಗಳಲ್ಲಿ ಬೇತ್ಲೆಹೇಮಿನ ಒಲೆ ಹಚ್ಚಿ ಊಟದ ರೊಟ್ಟಿ ಸುಟ್ಟು ಹಂಚತೊಡಗಿದ. ಸತ್ತವರಲ್ಲಿ ಒಬ್ಬನ ಹೆಂಡತಿ ತಫೀದಾ, ನಾಲ್ಕು ಮಕ್ಕಳ ತಾಯಿ, ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದಳು. ಅವಳ ಹಿಂದೆ ಆ ಮುಸಲ್ಮಾನನ ತಾಯಿ.

ನಮ್ಮ ಪಾದ್ರಿ ಅಬೂನಾ ಸಮ್ವೀಲ್ ಕೆಟ್ಟವರಲ್ಲ. ಯಾರೂ ಹಾಗೆ ತಿಳಿಯಬಾರದು. ಆದರೆ ಅವರಿಗೆ ಭಯ. ಗುಡಿಯ ಹಿರಿಯರಾದ ನಮ್ಮ ಏಳು ಜನರನ್ನು ಕೂರಿಸಿಕೊಂಡು ಅವರು ಹೇಳಿದ್ದು ಇಷ್ಟು: ಗುಡಿ ಇರುವುದು ಪ್ರಾರ್ಥನೆಗೆ, ಹೊಟ್ಟೆ ನೋಡಿಕೊಳ್ಳುವುದಕ್ಕೆ ಸರಕಾರ ಇದೆ. ಇವತ್ತು ಮುಸಲ್ಮಾನ ಹೆಂಗಸಿಗೆ ರೊಟ್ಟಿ ಕೊಟ್ಟರೆ ನಾಳೆ ಪೊಲೀಸರು ಬಂದು ಮತಾಂತರ ಮಾಡುತ್ತೀರಾ ಅಂತ ಕೇಳುತ್ತಾರೆ. ರೊಟ್ಟಿಗಾಗಿ ಬಂದವರು ರೊಟ್ಟಿ ಮುಗಿದ ದಿನ ಹೋಗುತ್ತಾರೆ. ಅದರಲ್ಲಿ ಸುಳ್ಳು ಯಾವುದಿತ್ತು? ನಾವು ತಲೆಯಾಡಿಸಿದೆವು.

ಬೆಸಾದನನ್ನು ಕರೆಸಿದರು. ಅವನು ಬಾಗಿಲ ಬಳಿಯೇ ನಿಂತ.

"ಅಬೂನಾ, ಇವತ್ತಿನ ರೊಟ್ಟಿ ಇವತ್ತು ಕೊಡಪ್ಪಾ ಅಂತ ದಿನಾ ಕೇಳ್ತೀವಲ್ಲ," ಅಂದ. "ಅವನು ಕೊಡೋಕೆ ರೆಡಿ ಇದಾನೆ ಅಂತಾನೇ ಇಟ್ಕೊಳ್ಳಿ. ಯಾವ ಒಲೇಲಿ ಸುಡಬೇಕು ಹೇಳಿ?"

ಯಾರೋ ನಕ್ಕರು. ಅಬೂನಾ ನಗಲಿಲ್ಲ. ಹಂಚುವುದು ನಿಲ್ಲಬೇಕು ಅನ್ನುವವರು ಕೈ ಎತ್ತಿ ಅಂದರು, ಐದು ಕೈ ಎದ್ದವು. ಒಂದು ನನ್ನದು. ಓದಿದವನು ನೋಡಿ, ಎಲ್ಲರಿಗಿಂತ ಮೊದಲು ಎತ್ತಿದೆ.

ಒಲೆಮನೆ ಸ್ವಚ್ಛ ಮಾಡಿಸಿ ಬೀಗದ ಕೈಯನ್ನು ಇಟ್ಟುಕೊಳ್ಳುವ ಹೊಣೆ ನನ್ನ ತಲೆಗೆ ಬಂತು. ಶನಿವಾರ ಮಧ್ಯಾಹ್ನ ಬೆಸಾದ ಗುಡಿಯ ಅಂಗಳ ತೊಳೆಯುತ್ತಿದ್ದಾಗ ನಾನೊಬ್ಬನೇ ಒಳಗೆ ಹೋದೆ. ಮೂಲೆಯಲ್ಲಿ ಹಂಚುವ ರೊಟ್ಟಿಯ ಹಿಟ್ಟು ಅರ್ಧ ಮೂಟೆ ಉಳಿದಿತ್ತು. ಎಸೆಯಲು ಮನಸ್ಸು ಬರಲಿಲ್ಲ, ಹಿಟ್ಟು ಚೆಲ್ಲಿದರೆ ಪಾಪ ಅಂತ ಬೆಳೆದವನು ನಾನು. ರೊಟ್ಟಿಗೆ ಕಾದು ಹೊರಗೆ ಕೂತಿದ್ದ ಹೆಂಗಸರಿಗೆ ಕೊಡೋಣವೆಂದರೆ ಆಗಷ್ಟೇ ಎತ್ತಿದ್ದ ಕೈ ಅಡ್ಡ ಬಂತು. ಪೂಜೆಯ ಹಿಟ್ಟಿನ ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಇದೂ ಬಿಳಿ, ಅದೂ ಬಿಳಿ. ದೇವರಿಗೇ ಹೋಗಲಿ ಅಂತ ಅದರೊಳಕ್ಕೆ ಸುರಿದು, ಚೆನ್ನಾಗಿ ಕಲಸಿ, ಮುಚ್ಚಳ ಮುಚ್ಚಿ ಬಂದೆ. ಜಾಣತನದ ಕೆಲಸ ಮಾಡಿದೆ ಅಂತ ಹಿಗ್ಗು ಬೇರೆ.

ಎರಡು ಬೆರಳಿನವನಿಗೆ ಬೆಳಗಿನ ಗಡಿಬಿಡಿಯಲ್ಲಿ ಉಪ್ಪು ಅಳೆಯುವುದು ಕಷ್ಟ. ಅದಕ್ಕೇ ಅವನು ಹಂಚುವ ಹಿಟ್ಟಿಗೆ ವಾರಕ್ಕಾಗುವಷ್ಟು ಉಪ್ಪನ್ನು ಮೊದಲೇ ಬೆರೆಸಿ ಇಡುತ್ತಿದ್ದ. ನನಗೆ ಅದು ಹೇಗೆ ಗೊತ್ತಾಗಬೇಕು? ಕೇಳಿದ್ದರೆ ಗೊತ್ತಾಗುತ್ತಿತ್ತು.

ಮರುದಿನ ಭಾನುವಾರ, ಗಣಿಯಲ್ಲಿ ಸತ್ತ ನಮ್ಮವರ ನಲವತ್ತನೇ ದಿನದ ಪೂಜೆ. ಗುಡಿ ತುಂಬಿತ್ತು, ತಫೀದಾ ಮಕ್ಕಳೊಡನೆ ಮುಂದೆಯೇ ಕೂತಿದ್ದಳು. ಬೆಸಾದ ಸುಟ್ಟಿದ್ದ ರೊಟ್ಟಿಗಳು ಎಂದಿನಂತೆ ಉಬ್ಬಿದ್ದವು, ಶಿಲುಬೆಯ ಮುದ್ರೆ ಅಚ್ಚುಕಟ್ಟಾಗಿ ಬಿದ್ದಿತ್ತು. ಅಬೂನಾ ಬುಟ್ಟಿಯಿಂದ ಅತ್ಯುತ್ತಮವಾದುದನ್ನು ಆರಿಸಿದರು. ಗುಡಿಯಲ್ಲಿದ್ದವರೆಲ್ಲ ಉಪವಾಸ, ರುಚಿ ನೋಡುವವರು ಯಾರೂ ಇಲ್ಲ. ಪೂಜೆ ಕೊನೆ ಮುಟ್ಟಿದಾಗ ಅಬೂನಾ ಮೊದಲ ತುಂಡನ್ನು ಬಾಯಿಗಿಟ್ಟರು, ಅವರ ಮುಖ ಬಿಳಿಚಿತು. ಪವಿತ್ರವಾದದ್ದನ್ನು ಉಗುಳುವಂತಿಲ್ಲ. ನುಂಗಿ, ಎಲ್ಲರಿಗೂ ಕೊಟ್ಟರು. ನನ್ನ ಬಾಯಿಗೂ ಉಪ್ಪು ಬಂತು. ಅದನ್ನು ನುಂಗಿದ ಕ್ಷಣದಲ್ಲೇ ನನಗೆ ಎಲ್ಲವೂ ಅರ್ಥವಾಯಿತು. ತಫೀದಾಳ ಕಿರಿಯ ಮಗಳು ಮಾತ್ರ ಇವತ್ತು ಚೆನ್ನಾಗಿದೆ ಅಂದಳಂತೆ.

ಅಂದೇ ಸಭೆ ಸೇರಿತು. ಪೂಜೆಯ ಮನೆಯನ್ನು ಅನ್ನಛತ್ರ ಮಾಡಿದರೆ ಆಗುವುದೇ ಇದು ಅಂದರು ಅಬೂನಾ, ಅವರ ಕಣ್ಣಲ್ಲಿ ನೀರಿತ್ತು. ಉಪ್ಪು ಬೆರೆಸಿದವನು ಯಾರು ಅಂತ ಕೇಳಿದರು.

"ಉಪ್ಪು ಹಾಕಿದ್ದು ನನ್ನ ಕೈಯೇ," ಅಂದ ಬೆಸಾದ. ಮತ್ತೇನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ವಾರವೇ ಅವನ ಕೆಲಸ ಹೋಯಿತು, ಗಂಟೆಗೋಪುರದ ಕೋಣೆಯೂ ಹೋಯಿತು. ಕುರ್ಬಾನ್ ರೊಟ್ಟಿ ಮಲ್ಲವಿ ಪಟ್ಟಣದಿಂದ ವ್ಯಾನಿನಲ್ಲಿ ಬರತೊಡಗಿತು.

ಗಣಿ ಮತ್ತೆ ತೆರೆದಾಗ ಅವನಿಗೆ ಗರಗಸದ ಹಿಂದೆ ಕಲ್ಲಿನ ಬಿಳಿ ಪುಡಿ ಬಾಚುವ ಕೆಲಸ ಸಿಕ್ಕಿತು. ಎರಡು ತಿಂಗಳು ತಡೆದು, ಇನ್ನು ಆಗದೆ, ನದಿ ದಾಟಿ ಅವನನ್ನು ನೋಡಲು ಹೋದೆ. ರೆಪ್ಪೆಯವರೆಗೂ ಪುಡಿ ಮೆತ್ತಿಕೊಂಡು ಕೂತಿದ್ದ. ಚಹಾ ಕೊಟ್ಟ. ಹೇಳಿಬಿಡಬೇಕೆಂದೇ ಹೋದವನು ಸುತ್ತಿ ಬಳಸಿ, ಆ ದಿನ ಹಾಗೆ ಹೇಗಾಯಿತು ಬೆಸಾದ ಅಂತ ಕೇಳಿದೆ. ನನ್ನ ನಾಚಿಕೆಗೇಡು ನೋಡಿ.

"ಪೆಟ್ಟಿಗೇಲಿ ಹಿಟ್ಟು ಜಾಸ್ತಿ ಆಗಿತ್ತು ಮೇಷ್ಟ್ರೇ," ಅಂದ. "ಮುಚ್ಚಳ ತೆಗೆದಾಗಲೇ ಕಂಡಿತ್ತು. ಯಾರೋ ಪುಣ್ಯಾತ್ಮರು ಗುಟ್ಟಾಗಿ ದಾನ ಹಾಕವ್ರೆ ಅಂದ್ಕೊಂಡೆ. ಅದು ನನ್ನ ಮೂಟೆದೇ ಅಂತ ಆಮೇಲೆ ಗೊತ್ತಾಯ್ತು. ಪಾಪ, ಒಳ್ಳೇದಕ್ಕೇ ಮಾಡಿರ್ತಾರೆ. ಹೇಳಿದ್ರೆ ಅವರನ್ನ ಹುಡುಕ್ತಿದ್ರು. ನಂದೇನು, ಒಂಟಿ ಜೀವ."

ಚಹಾ ಮುಗಿಯಿತು. ನಾನು ಎದ್ದೆ. ಅವನಿಗೆ ಗೊತ್ತಿತ್ತೋ ಇಲ್ಲವೋ ಇಂದಿಗೂ ನನಗೆ ತಿಳಿಯದು. ದೋಣಿಯವರೆಗೂ ಬಂದು ಕಳಿಸಿಕೊಟ್ಟ.

ಮೂರು ವಾರದ ಮೇಲೆ ಗರಗಸದ ಪಟ್ಟಿಗೆ ಅವನ ತೋಳು ಸಿಕ್ಕಿತು. ದಂಡೆಗೆ ತರುವಷ್ಟರಲ್ಲಿ ಜೀವವಿರಲಿಲ್ಲ. ಅವನ ಮಣ್ಣಿಗೆ ಹೋದವರಲ್ಲಿ ನಮ್ಮವರಷ್ಟೇ ಮುಸಲ್ಮಾನರೂ ಇದ್ದರು. ಅವನು ನೀತಿವಂತ ಅಂದರು ಅಬೂನಾ, ಮನಸ್ಸಿನಿಂದಲೇ ಅಂದರು.

ಅವನ ನಲವತ್ತನೇ ದಿನ, ಪೂಜೆ ಮುಗಿದ ಮೇಲೆ, ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹಿಟ್ಟು ಸುರಿದವನು ನಾನು, ಅವನಲ್ಲ ಅಂದೆ. ಒಲೆಯ ಮಾತನ್ನು ಮತ್ತೆ ತೆಗೆಯಿರಿ, ಗಣಿ ತೆರೆದರೂ ಸತ್ತವರ ಮನೆಗಳಲ್ಲಿ ಈಗಲೂ ಒಂದೇ ಹೊತ್ತಿನ ಊಟ ಅಂದೆ.

"ಅದನ್ನ ತಪ್ಪೊಪ್ಪಿಗೆಗೆ ಬಂದಾಗ ಹೇಳಿ ಮೇಷ್ಟ್ರೇ," ಅಂದರು ಅಬೂನಾ ಮೆಲ್ಲಗೆ. "ಇಲ್ಲಿ ಬೇಡ. ಒಲೆ ವಿಚಾರ ಮುಗಿದಿದೆ."

ಹೊರಗೆ ಬಂದರೆ ಬೇತ್ಲೆಹೇಮಿನ ಬಾಗಿಲ ಬಳಿ ತಫೀದಾ ನಿಂತಿದ್ದಳು. ಒಳಗಿನ ಮಾತು ಕಿಟಕಿಯಿಂದ ಕೇಳಿಸಿರಬೇಕು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹಿಟ್ಟು ನಾವೇ ತರ್ತೀವಿ, ನಾದೋದೂ ನಾವೇ," ಅಂದಳು. "ನೀವು ಬೀಗ ತೆಗೀರಿ ಸಾಕು."

ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಬೆರಳಿಗೂ ತಾಗಿತು.

ಅಬೂನಾ ಅವರನ್ನ ಕೇಳಿ ಹೇಳ್ತೀನಮ್ಮ ಅಂದೆ.